ತಾನೆಲ್ಲಿರುವೆನೆಂದು ಬಲ್ಲ ಮೋಟಾರು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಫಿಟ್ಟರ್ ಕೆಲಸ ಮಾಡಿ ನಿವೃತ್ತರಾದ ನನ್ನ ದೊಡ್ಡಪ್ಪನವರು, ಶಿವಮೊಗ್ಗೆಯ ನಮ್ಮ ಮನೆಗೆ ಬಂದಿದ್ದ ಒಂದು ಭಾನುವಾರ, ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮಗನು ಮೇಜಿನ ಮೇಲೆ ಹರವಿಕೊಂಡಿದ್ದ ಸಾಮಾನುಗಳ ನಡುವಿನಿಂದ ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದಾದ ಒಂದು ನೀಲಿ ಮೋಟಾರನ್ನು ಕೈಗೆತ್ತಿಕೊಂಡು, ಅದರ ತಲೆಯ ಮೇಲಿದ್ದ ಬಿಳಿಯ ಕಡ್ಡಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿ, “ಇದರಲ್ಲಿ ಪ್ಲೇ ಇದೆಯಲ್ಲೋ ಮಗು, ಮೊದಲು ಅದನ್ನು ನೋಡು” ಎಂದರು. ಹುಡುಗನು ಶಾಲೆಯ ವಸ್ತುಪ್ರದರ್ಶನಕ್ಕೆಂದು ಪೆನ್ನು ಹಿಡಿದು ಚಿತ್ರ ಬರೆಯುವ ಎರಡು ಕೀಲಿನ ಪುಟ್ಟ ತೋಳೊಂದನ್ನು ಕಟ್ಟಿದ್ದನು. ಆ ತೋಳು ಬರೆದ ವೃತ್ತದ ಆರಂಭಬಿಂದುವೂ ಅಂತ್ಯಬಿಂದುವೂ ಒಂದನ್ನೊಂದು ಕೂಡದೆ ನಡುವೆ ಅಕ್ಕಿಕಾಳಿನ ಅಗಲದ ಬಿರುಕು ಉಳಿಯುತ್ತಿದ್ದುದೇ ಅವನ ಮೂರು ದಿನಗಳ ಸಂಕಟವಾಗಿತ್ತು. “ಪ್ರೋಗ್ರಾಮ್ ಸರಿಯಾಗೇ ಇದೆ, ಅಜ್ಜ” ಎಂದನವನು. “ಇರಬಹುದು. ಹಲ್ಲಿಗೂ ಹಲ್ಲಿಗೂ ನಡುವೆ ಸಡಿಲವಿದ್ದರೆ ನಿನ್ನ ಪ್ರೋಗ್ರಾಮ್ ಏನು ಮಾಡೀತು?” ಎಂದರು ಅವರು.

ಆ ನೀಲಿ ವಸ್ತುವಿಗೆ ಸರ್ವೋ ಮೋಟಾರೆಂದು ಹೆಸರು. ದಾಸನೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದವೊಂದರಿಂದ ಹುಟ್ಟಿದ ಈ ಹೆಸರನ್ನು ಯಂತ್ರಶಾಸ್ತ್ರದಲ್ಲಿ ನೆಲೆಗೊಳಿಸಿದವನು ಫ್ರಾನ್ಸಿನ ಎಂಜಿನಿಯರ್ ಜೋಸೆಫ್ ಫಾರ್ಕೋ. ಮನುಷ್ಯನ ತೋಳಿಗೆ ಬಗ್ಗದ ಹಡಗಿನ ಚುಕ್ಕಾಣಿಯನ್ನು ಉಗಿಯ ಬಲದಿಂದ, ಆದರೆ ನಾವಿಕನ ಕೈ ತೋರಿದಷ್ಟೇ ದೂರ ತಿರುಗಿಸುವ ಉಪಾಯವನ್ನು ಅವನು 1873ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದನು. ಸಾಧಾರಣ ಮೋಟಾರಿಗೆ ವಿದ್ಯುತ್ತು ಕೊಟ್ಟರೆ ಅದು ತಿರುಗುತ್ತದೆ, ಕಿತ್ತರೆ ನಿಲ್ಲುತ್ತದೆ. ತಾನೆಷ್ಟು ತಿರುಗಿದೆನೆಂಬುದು ಅದಕ್ಕೆ ತಿಳಿಯದು. ಸರ್ವೋ ಮೋಟಾರಾದರೋ ತನಗೆ ಬಂದ ಆಜ್ಞೆಯನ್ನೂ ತಾನಿರುವ ಸ್ಥಾನವನ್ನೂ ಪ್ರತಿಕ್ಷಣವೂ ಹೋಲಿಸಿ ನೋಡಿ, ಇವೆರಡರ ನಡುವೆ ಅಂತರವಿರುವ ತನಕ ದುಡಿದು, ಅಂತರವಳಿದೊಡನೆ ನಿಲ್ಲತಕ್ಕದ್ದು.

ಈ ತತ್ತ್ವವು ನಮ್ಮ ಸೀಮೆಗೆ ಹೊಸತೇನಲ್ಲ. ಭದ್ರಾವತಿಯ ಕಾರ್ಖಾನೆಗೆ ಕಾರಣಪುರುಷರಾದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು, ಮೈಸೂರಿಗೆ ಬರುವುದಕ್ಕೂ ಮುಂಚೆ ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ, ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ 1903ರಲ್ಲಿ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಯಾರೊಬ್ಬರ ಕೈಯೂ ತಾಗದೆ ಆ ಬಾಗಿಲುಗಳು ತಾವಾಗಿ ತೆರೆದು, ಮಟ್ಟ ಇಳಿದಾಗ ತಾವಾಗಿ ಮುಚ್ಚಿಕೊಳ್ಳುತ್ತಿದ್ದುವು, ಮತ್ತು ಅಂಥವೇ ಬಾಗಿಲುಗಳು ಮುಂದೆ ಕೃಷ್ಣರಾಜಸಾಗರದಲ್ಲಿಯೂ ಬಂದುವು. ಕೆಲಸದ ಫಲವನ್ನು ಅಳೆದು, ಆ ಅಳತೆಯಿಂದಲೇ ಕೆಲಸವನ್ನು ತಿದ್ದುವ ಈ ಕ್ರಮವನ್ನು ಎಂಜಿನಿಯರುಗಳು ಫೀಡ್‌ಬ್ಯಾಕ್ ಎನ್ನುವರು. ಅಣೆಕಟ್ಟಿನ ಬಾಗಿಲಿಗೂ ಒಂಬತ್ತು ಗ್ರಾಮಿನ ಸರ್ವೋವಿಗೂ ಗಾತ್ರದಲ್ಲಿ ಸಾದೃಶ್ಯವಿಲ್ಲ, ರಚನೆಯಲ್ಲಿಯೂ ಇಲ್ಲ. ಧರ್ಮದಲ್ಲಿ ಮಾತ್ರ ಅವು ಒಂದೇ ಕುಲದವು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಟ್ಟಿಗೆಯ ಇದ್ದಲಿನಿಂದ ಕರಗಿಸಿ 1923ರಲ್ಲಿ ಕಬ್ಬಿಣವನ್ನು ಹರಿಸಿದ ಊರಿನಲ್ಲಿ, ಅಳೆದು ತಿದ್ದುವ ಆ ಶಿಸ್ತು ತಲೆಮಾರುಗಳ ಫಿಟ್ಟರು ಟರ್ನರುಗಳ ಬೆರಳುಗಳಿಗೆ ಇಳಿದು ಬಂದಿದೆಯೆಂಬುದನ್ನು ಆ ಭಾನುವಾರ ನಾನು ಕಣ್ಣಾರೆ ಕಂಡೆನು.

ಸರ್ವೋವಿನ ನಾಲ್ಕು ಉದ್ದನೆಯ ತಿರುಪುಗಳನ್ನು ಬಿಚ್ಚಿದರೆ ಒಳಗಿನ ಸಂಸಾರವೆಲ್ಲ ತೋರುತ್ತದೆ: ವೇಗವಾಗಿ ಆದರೆ ದುರ್ಬಲವಾಗಿ ತಿರುಗುವ ಒಂದು ಪುಟ್ಟ ಮೋಟಾರು, ಆ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಗಾಲಿಗಳ ಸಾಲು, ಹೊರಗಿನ ಅಚ್ಚಿಗೆ ಸೇರಿಕೊಂಡಿರುವ ಪೊಟೆನ್ಷಿಯೋಮೀಟರ್, ಎಂದರೆ ಹಳೆಯ ರೇಡಿಯೋದ ಧ್ವನಿಯನ್ನು ಏರಿಸಿ ಇಳಿಸುತ್ತಿದ್ದ ತಿರುಗುಣಿಯ ಜಾತಿಯದೇ ಒಂದು ಘಟಕ, ಮತ್ತು ಬೆರಳಿನ ಉಗುರಿನಷ್ಟಗಲದ ಒಂದು ವಿದ್ಯುನ್ಮಂಡಲ. ಅಚ್ಚು ತಿರುಗಿದಂತೆ ಪೊಟೆನ್ಷಿಯೋಮೀಟರಿನ ನಡುವಣ ತಂತಿಯ ವೋಲ್ಟೇಜು ಬದಲಾಗುವುದರಿಂದ, ಆ ವೋಲ್ಟೇಜೇ ಮಂಡಲಕ್ಕೆ ಸ್ಥಾನದ ಸುದ್ದಿಯಾಗುತ್ತದೆ. ಹೊರಗಿನಿಂದ ಆಜ್ಞೆಯು ಸ್ಪಂದನಗಳ ರೂಪದಲ್ಲಿ ಸೆಕೆಂಡಿಗೆ 50 ಬಾರಿ ಬರುತ್ತದೆ. ಸ್ಪಂದನದ ಅವಧಿ 1.5 ಮಿಲಿಸೆಕೆಂಡಾದರೆ ಅಚ್ಚು ನಡುವಿಗೆ ಬರಬೇಕು, 1ಕ್ಕೆ ಇಳಿದರೆ ಒಂದು ಕಡೆಗೆ, 2ಕ್ಕೆ ಏರಿದರೆ ಇನ್ನೊಂದು ಕಡೆಗೆ ಸರಿಯಬೇಕು.

ಲಕ್ಷಗಟ್ಟಲೆ ಜನರಿಗಾಗಿ ಒಂದೇ ಅಚ್ಚಿನಲ್ಲಿ ಎರಕಹೊಯ್ದ ಇಂಥ ವಸ್ತುವು ಒಬ್ಬೊಬ್ಬನ ವಿಶಿಷ್ಟ ಕಾರ್ಯಕ್ಕೆ ಹೊಂದದಿರುವುದು ಸಹಜವಾದುದರಿಂದ, ಅದನ್ನು ಬಿಚ್ಚಿ ತನಗೆ ಬೇಕಾದಂತೆ ಒಗ್ಗಿಸಿಕೊಳ್ಳುವ ಪದ್ಧತಿಯು ಹವ್ಯಾಸಿಗಳಲ್ಲಿ ಬೆಳೆದುಬಂದಿದೆ. ಇಂಥ ಬದಲಾವಣೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಸರ್ವೋವನ್ನು ಗಾಡಿಯ ಚಕ್ರವಾಗಿಸುವ ಮಾರ್ಪಾಟು. ಸುಮಾರು ಅರ್ಧ ಸುತ್ತಿನಲ್ಲಿ ಅಚ್ಚನ್ನು ತಡೆಯಲು ಕೊನೆಯ ಹಲ್ಲುಗಾಲಿಯ ಮೇಲಿರುವ ಮೊಳೆಯಂಥ ಉಬ್ಬನ್ನು ಕೊಯ್ದು ತೆಗೆದು, ಪೊಟೆನ್ಷಿಯೋಮೀಟರಿನ ಸಂಪರ್ಕವನ್ನು ಬಿಡಿಸಿ, ಅದರ ಸ್ಥಾನದಲ್ಲಿ ಸಮಬೆಲೆಯ ಎರಡು ರೆಸಿಸ್ಟರುಗಳನ್ನು—5 ಕಿಲೋ ಓಮಿನ ಪೊಟೆನ್ಷಿಯೋಮೀಟರಿಗೆ ಬದಲಾಗಿ 2.2 ಕಿಲೋ ಓಮಿನ ಜೋಡಿ ಸಾಮಾನ್ಯವಾಗಿ ಸಾಕು—ಬೆಸೆದರೆ, ಅಚ್ಚು ಎಲ್ಲಿದ್ದರೂ ತಾನು ನಡುವಿನಲ್ಲಿಯೇ ಇರುವೆನೆಂದು ಮಂಡಲವು ನಂಬುತ್ತದೆ. ನಡುವಲ್ಲದ ಸ್ಥಾನಕ್ಕೆ ಹೋಗೆಂದು ಆಜ್ಞೆ ಬಂದರೆ, ಎಂದಿಗೂ ಮುಟ್ಟದ ಆ ಗುರಿಯನ್ನರಸಿ ಮೋಟಾರು ಸುತ್ತುತ್ತಲೇ ಇರುತ್ತದೆ, ಮತ್ತು ಆಜ್ಞೆಯು ನಡುವಿನಿಂದ ದೂರ ಸರಿದಷ್ಟೂ ವೇಗ ಏರುತ್ತದೆ. ಗೆರೆಯನ್ನು ಹಿಂಬಾಲಿಸಿ ಓಡುವ ಮಕ್ಕಳ ರೋಬಾಟ್ ಗಾಡಿಗಳಿಗೆ ಇದು ಅಗ್ಗದ ವರವೇ ಸರಿ. ಆದರೆ ಹೀಗೆ ಮಾಡಿದ ಮೇಲೆ ತಾನೆಲ್ಲಿರುವೆನೆಂಬ ಜ್ಞಾನವನ್ನು ಸರ್ವೋ ಕಳೆದುಕೊಳ್ಳುತ್ತದೆಯೆಂಬುದನ್ನು ಮರೆಯಲಾಗದು.

ಎರಡನೆಯ ಮಾರ್ಪಾಟು ಇದಕ್ಕಿಂತ ಸೌಮ್ಯವಾದುದು. ಪೊಟೆನ್ಷಿಯೋಮೀಟರಿನ ಎರಡು ಹೊರತುದಿಗಳಿಗೂ ಒಂದೊಂದು ಚಿಕ್ಕ ರೆಸಿಸ್ಟರನ್ನು ಸರಣಿಯಾಗಿ ಸೇರಿಸಿದರೆ, ಪ್ರತಿಯೊಂದು ಅಂಶದ ತಿರುಗುವಿಕೆಗೆ ಆಗುವ ವೋಲ್ಟೇಜಿನ ಬದಲಾವಣೆ ಕುಗ್ಗಿ, ಅದೇ ಸ್ಪಂದನಕ್ಕೆ ಅಚ್ಚು ಮೊದಲಿಗಿಂತ ಹೆಚ್ಚು ದೂರ ಚಲಿಸುತ್ತದೆ. ಚಲನೆಯ ವ್ಯಾಪ್ತಿ ಹಿಗ್ಗಿದಷ್ಟೂ ಸ್ಥಾನವನ್ನು ಬಿಗಿಯಾಗಿ ಹಿಡಿಯುವ ಗುಣ ಕುಗ್ಗುವುದು ಇದಕ್ಕೆ ತೆರಬೇಕಾದ ಬೆಲೆ. ಮೂರನೆಯದೇ ನನಗೆ ಎಲ್ಲಕ್ಕಿಂತ ಪ್ರಿಯವಾದುದು: ಪೊಟೆನ್ಷಿಯೋಮೀಟರಿನ ನಡುವಣ ಕಾಲಿಗೆ ಕೂದಲಿನಂಥ ನಾಲ್ಕನೆಯ ತಂತಿಯೊಂದನ್ನು ಬೆಸೆದು ಹೊರಗೆ ತಂದರೆ, ಅದುವರೆಗೆ ತನ್ನೊಳಗೇ ಇಟ್ಟುಕೊಂಡಿದ್ದ ಸ್ಥಾನದ ಸುದ್ದಿಯನ್ನು ಸರ್ವೋ, ಪ್ರೋಗ್ರಾಮನ್ನು ನಡೆಸಿ ಆಜ್ಞೆ ಕೊಡುವ ಹೊರಗಿನ ಆರ್ಡುಯಿನೋ ಫಲಕಕ್ಕೂ ಹೇಳತೊಡಗುತ್ತದೆ. ಆಜ್ಞೆಯ ಸ್ಪಂದನಗಳನ್ನು ನಿಲ್ಲಿಸಿದ ತೋಳನ್ನು ಮಗುವು ಕೈಹಿಡಿದು ಅಕ್ಷರ ತಿದ್ದಿಸಿದಂತೆ ನಡೆಸಿದರೆ, ಫಲಕವು ಆ ದಾರಿಯನ್ನು ನೆನಪಿಟ್ಟುಕೊಂಡು ಮುಂದೆ ತಾನೇ ನಡೆಸಬಲ್ಲುದು.

ಇನ್ನು ನಿಷ್ಕೃಷ್ಟತೆಯ ಮಾತು. ಅಗ್ಗದ ಒಂಬತ್ತು ಗ್ರಾಮಿನ ಸರ್ವೋ ಸುಮಾರು 10 ಮೈಕ್ರೊಸೆಕೆಂಡಿಗಿಂತ ಚಿಕ್ಕದಾದ ಆಜ್ಞಾಭೇದವನ್ನು ಗಣಿಸುವುದೇ ಇಲ್ಲ; 1000 ಮೈಕ್ರೊಸೆಕೆಂಡಿಗೆ 90 ಅಂಶವೆಂದು ಹಿಡಿದರೆ, ಈ ಉಪೇಕ್ಷೆಯು 0.9 ಅಂಶವಾಗುತ್ತದೆ. ಹತ್ತು ಸೆಂಟಿಮೀಟರ್ ಉದ್ದದ ತೋಳಿನ ತುದಿಯಲ್ಲಿ ಅದು ಒಂದೂವರೆ ಮಿಲಿಮೀಟರಿಗೂ ಮಿಗಿಲು. ಅದಕ್ಕೆ ಹಲ್ಲುಗಳ ಸಡಿಲವೂ ಸೇರಿದರೆ ವೃತ್ತದ ಬಿರುಕಿಗೆ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾದುದಿಲ್ಲ. ನನ್ನ ಮಗನ ತೋಳಿಗೆ ಬೇಕಾಗಿದ್ದುದು ಪ್ರತಿಯೊಂದು ಕೀಲಿನಲ್ಲಿಯೂ ನಲವತ್ತು ಅಂಶದಷ್ಟು ಚಲನೆ ಮಾತ್ರ. ಸರ್ವೋವಿಗಿದ್ದುದು ಅದರ ನಾಲ್ಕರಷ್ಟು. ಆದುದರಿಂದ ಸರ್ವೋವಿನ ಹೊರಗೆ ನಾಲ್ಕಕ್ಕೆ ಒಂದರ ಅನುಪಾತದ ಹಲ್ಲುಗಾಲಿಗಳ ಜೋಡಿಯನ್ನು ಕೂಡಿಸಿದರೆ, ಬೇಡವಾದ ವ್ಯಾಪ್ತಿಯನ್ನು ತೆತ್ತು ಬೇಕಾದ ನಿಷ್ಕೃಷ್ಟತೆಯನ್ನು ಕೊಂಡಂತಾಗುವುದು: ತುದಿಯ ದೋಷ 0.4 ಮಿಲಿಮೀಟರಿಗೆ ಇಳಿಯುತ್ತದೆ, ಬಲವೂ ಸುಮಾರು ನಾಲ್ಮಡಿಯಾಗುತ್ತದೆ.

ಆದರೆ ಹೊರಗೆ ಸೇರಿಸಿದ ಹಲ್ಲುಗಾಲಿಗೂ ತನ್ನದೇ ಆದ ಸಡಿಲವುಂಟು. ಒಳಗಿರುವ ಪೊಟೆನ್ಷಿಯೋಮೀಟರಿಗೆ ಅದು ಕಾಣಿಸದು. ಪೊಟೆನ್ಷಿಯೋಮೀಟರನ್ನೇ ಹೊರತಂದು ಕೊನೆಯ ಅಚ್ಚಿಗೆ ಜೋಡಿಸುವವರೂ ಉಂಟು; ಆಗ ಸಡಿಲವು ಅದರ ಕಣ್ಣಿಗೆ ಬೀಳುತ್ತದೆ, ಆದರೆ 0.9 ಅಂಶದ ಹಳೆಯ ಉಪೇಕ್ಷೆಯು ಕೊನೆಯ ಅಚ್ಚಿಗೇ ಮರಳಿ ಅಂಟಿಕೊಳ್ಳುತ್ತದೆ, ಮೇಲಾಗಿ ಸಡಿಲದ ಎರಡು ಅಂಚುಗಳ ನಡುವೆ ಮೋಟಾರು ಗುರಿ ದಾಟಿ ಹಿಂದಿರುಗಿ ಮತ್ತೆ ದಾಟಿ, ಜ್ವರ ಬಂದವರಂತೆ ನಡುಗತೊಡಗುವುದೂ ಉಂಟು. ಎಲ್ಲಿ ಅಳೆಯಬೇಕೆಂಬುದನ್ನು ನಿಶ್ಚಯಿಸುವುದೇ ಈ ಕುಶಲಕಲೆಯ ಹೃದಯವೆಂದು ನಾನು ತಿಳಿದಿರುವುದು ಈ ಕಾರಣದಿಂದ.

ವಿದ್ಯುತ್ತಿನ ವಿಷಯದಲ್ಲಿ ಆರಂಭಿಕರೆಲ್ಲರೂ ಎಡವುವ ಒಂದು ಸ್ಥಳವನ್ನು ಹೇಳಿಬಿಡುವುದು ಒಳ್ಳೆಯದು. ಭಾರಕ್ಕೆ ಸಿಕ್ಕಿ ನಿಂತ ಸರ್ವೋ ಒಮ್ಮೆಲೇ ನೂರಾರು ಮಿಲಿಆಂಪಿಯರ್ ಪ್ರವಾಹವನ್ನು ಸೆಳೆಯುವುದರಿಂದ, ಅದನ್ನು ಆರ್ಡುಯಿನೋವಿನ ವಿದ್ಯುತ್ತಿನಿಂದಲೇ ನಡೆಸಿದರೆ ವೋಲ್ಟೇಜು ಕುಸಿದು, ಫಲಕವು ಮೂರ್ಛೆಹೋದಂತಾಗಿ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಸರ್ವೋವಿಗೆ 4.8ರಿಂದ 6 ವೋಲ್ಟಿನ ಪ್ರತ್ಯೇಕ ಪೂರೈಕೆ, ಎರಡು ಪೂರೈಕೆಗಳ ಋಣತಂತಿಗಳಿಗೆ ಪರಸ್ಪರ ಸಂಪರ್ಕ, ಮತ್ತು ಸರ್ವೋವಿನ ಸಮೀಪದಲ್ಲಿಯೇ 470 ಮೈಕ್ರೊಫ್ಯಾರಡಿನ ಒಂದು ಕೆಪಾಸಿಟರ್: ಈ ಮೂರರಿಂದ ಹೆಚ್ಚಿನ ತೊಂದರೆಗಳು ನಿವಾರಣೆಯಾಗುವುವು.

ಇಷ್ಟೆಲ್ಲ ಲೆಕ್ಕವನ್ನು ಹುಡುಗನು ಕಾಗದದ ಮೇಲೆ ಮಾಡಿ ತೋರಿಸಿದಾಗ, ದೊಡ್ಡಪ್ಪನವರು ಕನ್ನಡಕವನ್ನು ಹಣೆಗೇರಿಸಿ ಕೊನೆಯವರೆಗೂ ಕೇಳಿ, ಹೊರಗೆ ಕೂಡಿಸಬೇಕಾದ ಹಲ್ಲುಗಾಲಿಯ ಹೊಸ ಅಚ್ಚಿನ ಅಳತೆಯನ್ನು ವರ್ನಿಯರಿನಲ್ಲಿ ಹಿಡಿದು, ಮರುದಿನ ಭದ್ರಾವತಿಯ ತಮ್ಮ ಪರಿಚಯದ ಲೇತಿನವರಲ್ಲಿ ಹಿತ್ತಾಳೆಯ ಎರಡು ಬುಷ್‌ಗಳನ್ನು ಕೊರೆಸಿಕೊಂಡು ಬಂದರು. ಅಚ್ಚು ಓಲಾಡುವುದು ಅದರಿಂದ ನಿಂತಿತು. ಉಳಿದ ಸಡಿಲಕ್ಕೆ ಅವರು ಮಾಡಿದ ಉಪಾಯ ಇನ್ನೂ ಸರಳವಾಗಿತ್ತು: ಒಂದು ಹಳೆಯ ಪೆನ್ನಿನೊಳಗಿನ ತಂತಿಯ ಸ್ಪ್ರಿಂಗನ್ನು ಹಿಗ್ಗಿಸಿ, ಅದರ ಒಂದು ತುದಿಯನ್ನು ತೋಳಿಗೂ ಇನ್ನೊಂದನ್ನು ಪೀಠಕ್ಕೂ ಸಿಕ್ಕಿಸಿ, ತೋಳು ಸದಾ ಒಂದೇ ಕಡೆಗೆ ಎಳೆಯಲ್ಪಡುವಂತೆ ಮಾಡಿದರು. ಆಗ ಹಲ್ಲುಗಳು ಯಾವಾಗಲೂ ಒಂದೇ ಮಗ್ಗುಲಿಗೆ ಒತ್ತಿಕೊಂಡಿರುವುದರಿಂದ, ಸಡಿಲವು ಇದ್ದೂ ಇಲ್ಲದಂತಾಗುತ್ತದೆ. ಸ್ಪ್ರಿಂಗು ಕಬಳಿಸುವ ಬಲವನ್ನು ಭರಿಸಲು ಹಲ್ಲುಗಾಲಿಗಳು ಗಳಿಸಿಕೊಟ್ಟ ಬಲವು ಧಾರಾಳವಾಗಿ ಸಾಕಾಗುತ್ತದೆ. “ಕಾರ್ಖಾನೆಯಲ್ಲಿ ಇದನ್ನೇ ತೂಕ ಕಟ್ಟಿ ಮಾಡುತ್ತಿದ್ದೆವು” ಎಂದಷ್ಟೇ ಅವರು ಹೇಳಿದರು.

ದೇಶದ ಅನೇಕ ಶಾಲೆಗಳಲ್ಲಿ 2016ರಿಂದೀಚೆಗೆ ಮಕ್ಕಳು ಕೈಯಾರೆ ಮಾಡಿ ಕಲಿಯುವ ಅಟಲ್ ಟಿಂಕರಿಂಗ್ ಲ್ಯಾಬುಗಳು ತೆರೆದಿವೆ. ಶಿವಮೊಗ್ಗೆಯಲ್ಲಿ 1980ರಿಂದ ಜವಾಹರಲಾಲ್ ನೆಹರೂ ಹೆಸರಿನ ಎಂಜಿನಿಯರಿಂಗ್ ಕಾಲೇಜೂ ಇದೆ. ಭದ್ರಾವತಿಗೆ ಹೋಗುವ ದಾರಿಯ ಮಾಚೇನಹಳ್ಳಿಯಲ್ಲಿ ಎರಕದ ಕಾರ್ಖಾನೆಗಳಿವೆ. ಪ್ರೋಗ್ರಾಮ್ ಬರೆಯುವ ಮಕ್ಕಳೂ ಲೋಹದ ಮನಸ್ಸನ್ನು ಬೆರಳಿನಿಂದ ಅರಿಯುವ ಹಿರಿಯರೂ ಹದಿನೆಂಟು ಕಿಲೋಮೀಟರಿನಷ್ಟು ಅಂತರದ ಈ ಎರಡು ಊರುಗಳಲ್ಲಿ ಜೊತೆಜೊತೆಗೇ ವಾಸಿಸುತ್ತಿದ್ದಾರೆ. ಆ ಹಿರಿಯರನ್ನು ತಿಂಗಳಿಗೊಮ್ಮೆಯಾದರೂ ಶಾಲೆಯ ಮೇಜಿನ ಬಳಿಗೆ ಗೌರವದಿಂದ ಕರೆತಂದು ಕೂರಿಸಬೇಕೆಂಬುದೇ ನನ್ನ ಪ್ರಾರ್ಥನೆ. ಅವರ ಬೆರಳಿನ ವಿದ್ಯೆಯನ್ನು ಯಾವ ಪುಸ್ತಕದಲ್ಲಿಯೂ ಪೂರ್ತಿಯಾಗಿ ಬರೆದಿಲ್ಲ.

ಮುಂದಿನ ಭಾನುವಾರ ಆ ತೋಳು ಮತ್ತೊಂದು ವೃತ್ತವನ್ನು ಬರೆಯಿತು. ಪೆನ್ನು ಹೊರಟಲ್ಲಿಗೇ ಬಂದು ನಿಂತಿತು. ಹುಡುಗನು ಭೂತಗನ್ನಡಿ ಹಿಡಿದು ನೋಡಿದಾಗ ಮಾತ್ರ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಓರೆ ತೋರಿತು. ಅವನು ಆ ಕಾಗದವನ್ನು ಅಜ್ಜನ ಮುಂದೆ ಹಿಡಿದು, “ಇದನ್ನೂ ಸರಿ ಮಾಡಬಹುದೇ?” ಎಂದು ಕೇಳಿದನು. ಅವರು ಪುನಃ ಆ ಬಿಳಿಯ ಕಡ್ಡಿಯ ಮೇಲೆ ಬೆರಳಿಟ್ಟರು.