ಸಿರಿಸಂಧಿಯ ಗಾಯಕ ಮಾಚಾರು ಗೋಪಾಲ ನಾಯ್ಕ

ತುಳುನಾಡಿನ ವಾಙ್ಮಯಕ್ಕೆ ಎರಡು ಭಂಡಾರಗಳುಂಟು: ಒಂದು ಓಲೆಯದು, ಇನ್ನೊಂದು ಕಂಠದ್ದು. ಮೂಡುಬಿದಿರೆಯಲ್ಲಿ ಧವಲ, ಜಯಧವಲ, ಮಹಾಧವಲಗಳೆಂಬ ಜೈನಸಿದ್ಧಾಂತಗ್ರಂಥಗಳು ತಾಳೆಯೋಲೆಗಳಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದೇ ಸೀಮೆಯ ಬೆಳ್ತಂಗಡಿ ತಾಲೂಕಿನಲ್ಲಿ, ಉಜಿರೆಯ ಬಳಿಯ ಮಾಚಾರಿನ ಕೃಷಿಕರಾದ ಗೋಪಾಲ ನಾಯ್ಕರು, ಹದಿನೈದು ಸಾವಿರ ಸಾಲುಗಳಿಗೂ ಮಿಕ್ಕ ಒಂದು ಮಹಾಕಾವ್ಯವನ್ನು ಯಾವ ಓಲೆಯ ಆಸರೆಯೂ ಇಲ್ಲದೆ ಹಾಡಿದರು. ಆ ಕಾವ್ಯಕ್ಕೂ ಅದನ್ನು ಹಾಡಿದವರಿಗೂ ಇರುವ ಸಂಬಂಧವೆಂತಹದು ಎಂಬುದೇ ಇಲ್ಲಿ ವಿಚಾರ್ಯವಾದ ವಿಷಯವು.

ಪಾಡ್ದನ ಅಥವಾ ಸಂಧಿ ಎಂದು ಕರೆಯಲ್ಪಡುವ ತುಳು ಕಥನಗೀತಗಳು ಅಚ್ಚಿಗೆ ಬಂದುದು ಹೊಸತಲ್ಲ. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಾಲಯದಿಂದ ಮ್ಯಾನರ್ ಪಾದ್ರಿಯವರ ‘ಪಾಡ್ದನೊಳು’ ಹೊರಬಂದಿತು. ಬರ್ನೆಲ್ ದೊರೆಯ ಸಂಗ್ರಹವು 1894ರಿಂದ 1897ರ ವರೆಗೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟವಾಯಿತು. ಬಂಟವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಪಾಡ್ದನದ ಕಥೆಯನ್ನೇ ಆಧರಿಸಿ 1924ರಲ್ಲಿ ‘ಕೋಟಿ ಚೆನ್ನಯ’ವನ್ನು ಕನ್ನಡ ಗದ್ಯಕ್ಕೆ ತಂದರು. ಇವೆಲ್ಲವೂ ಮಹೋಪಕಾರಕಗಳಾದ ಕೃತಿಗಳು. ಆದರೆ ಇವುಗಳಲ್ಲಿ ಓದುಗನ ಲಕ್ಷ್ಯವು ಕಥೆಯ ಮೇಲೆ ನಿಲ್ಲುವುದೇ ಹೊರತು ಹಾಡಿದವರ ಮೇಲೆ ನಿಲ್ಲುವುದಿಲ್ಲ.

ನಾಯ್ಕರು ಹಾಡಿದುದು ಸಿರಿಯ ಕಥೆ. ಸತ್ಯನಾಪುರದ ವೃದ್ಧನಾದ ಬೆರ್ಮಾಳ್ವನಿಗೆ ಬೆರ್ಮೆರ ಪ್ರಸಾದರೂಪವಾಗಿ ಹಿಂಗಾರದಿಂದ ಹುಟ್ಟಿದವಳು ಸಿರಿ. ಪತಿಯಾದ ಕಾಂತು ಪೂಂಜನು ಸಿದ್ದು ಎಂಬ ವೇಶ್ಯೆಯಲ್ಲಿ ಆಸಕ್ತನಾಗಿ ತನ್ನನ್ನು ಅವಮಾನಪಡಿಸಲು, ಸಿರಿಯು ತಾನಾಗಿಯೇ ವಿವಾಹಬಂಧವನ್ನು ಹರಿದುಕೊಂಡು, ಮಗನಾದ ಕುಮಾರನೊಡನೆ ಹೊರಟುಹೋಗುವಳು. ಬಳಿಕ ಮಗಳಾದ ಸೊನ್ನೆಯ ಕಥೆ; ಅನಂತರ ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ-ದಾರಗರ ಕಥೆ. ಚೆನ್ನೆಯಾಟದಲ್ಲಿ ಹುಟ್ಟಿದ ಕಲಹದಿಂದ ಈ ಅವಳಿಗಳು ಮಡಿಯುವಲ್ಲಿಗೆ ಕಾವ್ಯವು ಮುಗಿಯುತ್ತದೆ.

ಈ ಕಥೆಯು ಕೇವಲ ವಿನೋದಕ್ಕೆ ಹೇಳುವ ಕಥೆಯಲ್ಲ. ನಾಟಿಯ ಗದ್ದೆಯಲ್ಲಿ ಹೆಂಗಸರು ಇದನ್ನು ಹಾಡುತ್ತಾರೆ. ಕವತ್ತಾರು, ನಿಡಿಗಲ್ಲು ಮೊದಲಾದ ಸ್ಥಳಗಳ ಸಿರಿಜಾತ್ರೆಗಳಲ್ಲಿ ಸ್ತ್ರೀಯರು ಆವೇಶಗೊಂಡು, ತಾನು ಸಿರಿಯೆಂದೂ ತಾನು ಅಬ್ಬಗೆಯೆಂದೂ ಹಾಡಿನಲ್ಲಿಯೇ ನುಡಿಯುತ್ತಾರೆ. ಮನೆಯಲ್ಲಿ ಬಾಯಿಬಿಟ್ಟು ಹೇಳಲಾರದ ದುಃಖಕ್ಕೆ ಅಲ್ಲಿ ಮಾತು ದೊರೆಯುತ್ತದೆ. ಅವರನ್ನು ಹಾಡಿನಿಂದ ಕರೆದು, ಪ್ರಶ್ನಿಸಿ, ಸಂತೈಸುವ ಪುರುಷನಿಗೆ ಕುಮಾರನೆಂದು ಹೆಸರು. ಗೋಪಾಲ ನಾಯ್ಕರು ಇಂತಹ ಒಂದು ಸಿರಿತಂಡಕ್ಕೆ ಕುಮಾರರಾಗಿದ್ದವರು. ಆದುದರಿಂದ ಅವರ ಪಾಲಿಗೆ ಈ ಕಾವ್ಯಜ್ಞಾನವು ಅಲಂಕಾರವಾಗಿರಲಿಲ್ಲ, ಕರ್ತವ್ಯಕ್ಕೆ ಸಾಧನವಾಗಿತ್ತು.

1985-86ರಲ್ಲಿ ನಾಯ್ಕರು ಈ ಸಂಧಿಯನ್ನು ಶ್ರೀ ಚಿನ್ನಪ್ಪ ಗೌಡರಿಗೆ ಹೇಳಿ ಬರೆಯಿಸಿದಾಗ 8,538 ಸಾಲುಗಳಾದವು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸರಾದ ಲೌರಿ ಹೊಂಕೊ ಮತ್ತು ಅನ್ನೆಲಿ ಹೊಂಕೊ, ನಮ್ಮವರಾದ ಚಿನ್ನಪ್ಪ ಗೌಡ ಮತ್ತು ವಿವೇಕ ರೈ ಇವರ ಸಮ್ಮುಖದಲ್ಲಿ ಅದನ್ನೇ ಹಾಡಿದಾಗ 15,683 ಸಾಲುಗಳಾದವು. ಗಾಯಕರು ಒಬ್ಬರೇ, ಕಥೆಯೂ ಒಂದೇ. ಅಂತರವು ಏಳು ಸಾವಿರ ಸಾಲುಗಳಿಗೂ ಹೆಚ್ಚು.

ಇಲ್ಲಿ ಒಂದು ಶಂಕೆ ಹುಟ್ಟಬಹುದು: ಇವೆರಡರಲ್ಲಿ ಮೂಲಪಾಠವು ಯಾವುದು? ಒಂದು ಸಂಕ್ಷೇಪವೋ, ಇನ್ನೊಂದು ಪ್ರಕ್ಷೇಪವೋ? ಸಮಾಧಾನವೇನೆಂದರೆ, ಓಲೆಯ ಗ್ರಂಥಗಳಿಗೆ ಸಲ್ಲುವ ಈ ಪ್ರಶ್ನೆಯು ಇಲ್ಲಿ ಸಲ್ಲುವುದಿಲ್ಲ. ವೇದವೂ ಕಂಠಸ್ಥವೇ, ಆದರೆ ಅಲ್ಲಿ ಪದ, ಕ್ರಮ, ಜಟಾ, ಘನಗಳೆಂಬ ಪಾಠಗಳು ಒಂದಕ್ಷರವೂ ಕದಲದಂತೆ ಕಾಯುತ್ತವೆ. ಪಾಡ್ದನದ ಗಾಯಕನು ಕಾಯುವುದು ಅಕ್ಷರಗಳನ್ನಲ್ಲ. ಕಥೆಯ ಮಾರ್ಗವನ್ನೂ, ಸ್ನಾನ, ಶೃಂಗಾರ, ಪ್ರಯಾಣ, ಅತಿಥಿಸತ್ಕಾರ ಮುಂತಾದ ಸಿದ್ಧವರ್ಣನೆಗಳನ್ನೂ ಆತನು ಮನಸ್ಸಿನಲ್ಲಿಟ್ಟುಕೊಂಡು, ಹಾಡುವಾಗಲೇ ಸಾಲುಗಳನ್ನು ಹೆಣೆಯುತ್ತಾನೆ. ಇದನ್ನೇ ಹೊಂಕೊರವರು ಗಾಯಕನ ಮಾನಸಪಾಠವೆಂದು ಕರೆದರು. ಬರೆಯುವವನ ಕೈ ತಡೆದಲ್ಲಿ ಕಾವ್ಯವು ಕುಗ್ಗುತ್ತದೆ. ರಾಗವು ಹರಿದಲ್ಲಿ ಹಿಗ್ಗುತ್ತದೆ.

ಸಾಲುಗಳ ಎಣಿಕೆಯಲ್ಲಿ ಇದು 15,693 ಸಾಲುಗಳ ‘ಇಲಿಯಡ್’ ಮಹಾಕಾವ್ಯಕ್ಕೆ ಹತ್ತೇ ಸಾಲು ಕಡಿಮೆ. ಸಾಲುಗಳ ಉದ್ದವು ಬೇರೆಯಾಗಿರುವುದರಿಂದ ಈ ಸಾಮ್ಯದಿಂದ ಹೆಚ್ಚೇನೂ ಸಿದ್ಧಿಸದು. ಹೆಚ್ಚು ಬೋಧಪ್ರದವಾದುದು ‘ಕಲೇವಾಲ’ದೊಡನೆ ಹೋಲಿಕೆ. 1849ರ ಆ ಫಿನ್ನಿಶ್ ಮಹಾಕಾವ್ಯವನ್ನು ಲೋನ್‌ರೋಟ್ ಎಂಬ ವಿದ್ವಾಂಸನು ಅನೇಕ ಗಾಯಕರ ಹಾಡುಗಳನ್ನು ಆಯ್ದು ಜೋಡಿಸಿ ಕಟ್ಟಿದನು. ಅದರಲ್ಲಿ ಸಂಪಾದಕನ ಹೆಸರು ಬೆಳಗಿ, ಗಾಯಕರ ಹೆಸರುಗಳು ಮರೆಗೆ ಸರಿದುವು. ಅದೇ ದೇಶದ ವಿದ್ವಾಂಸರು 1998ರಲ್ಲಿ ಹೆಲ್ಸಿಂಕಿಯಿಂದ ಸಿರಿಕಾವ್ಯದ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಎರಡು ಸಂಪುಟಗಳಲ್ಲಿಯೂ, ಅದರ ವಿಮರ್ಶೆಯನ್ನು ಇನ್ನೊಂದರಲ್ಲಿಯೂ ಪ್ರಕಟಿಸಿದಾಗ, ಅನ್ಯಗಾಯಕರ ಸಾಲುಗಳನ್ನು ಬೆರೆಸದೆ, ಇದು ಗೋಪಾಲ ನಾಯ್ಕರು ಹಾಡಿದ ಪಾಠವೆಂದು ಗ್ರಂಥದ ಶೀರ್ಷಿಕೆಯಲ್ಲಿಯೇ ಕಾಣಿಸಿದರು.

ಇದರಿಂದ ಸಾಹಿತ್ಯಬೋಧಕರು ಗ್ರಹಿಸತಕ್ಕ ಅಂಶಗಳು ಎರಡು. ಜನಪದ ಕಾವ್ಯಕ್ಕೆ ಕರ್ತೃವೇ ಇಲ್ಲವೆಂದು ತರಗತಿಗಳಲ್ಲಿ ಹೇಳುವ ಮಾತು ಅರ್ಧಸತ್ಯವು: ಕಥೆಯು ನಾಡಿನದು, ಪಾಠವು ಗಾಯಕನದು. ಇನ್ನು, ಅಚ್ಚಾದ ಮಾತ್ರಕ್ಕೆ ಈ ಪಾಠವೇ ಸಿರಿಯ ಏಕೈಕ ಪ್ರಮಾಣವಾಗಲಾರದು. ಇದು ಕುಮಾರನಾಗಿ ನಿಂತವರ ಪಾಠ. ಗದ್ದೆಯಲ್ಲಿ ನೇಜಿ ನೆಡುತ್ತ ಹಾಡುವ ಹೆಂಗಸರ ಸಿರಿಯು ಬೇರೆ. ಅಚ್ಚಿನ ಪುಸ್ತಕವನ್ನು ಮುಂದಿಟ್ಟು ಅವರ ಹಾಡಿನಲ್ಲಿ ತಪ್ಪು ಹುಡುಕುವವನು ನಾಯ್ಕರ ಕೀರ್ತಿಯನ್ನು ಬೆಳೆಸಿದಂತಾಗದು, ಅವರ ವಿದ್ಯೆಯನ್ನೇ ಅರಿಯದವನಂತಾಗುವನು. ಪ್ರತಿಯೊಬ್ಬ ಗಾಯಕಿಯ ಪಾಠವನ್ನೂ ಆಕೆಯ ಹೆಸರಿನಿಂದಲೇ ಬರೆದಿಡುವುದು ಈ ಕ್ಷೇತ್ರದಲ್ಲಿ ದುಡಿಯುವವರ ಕರ್ತವ್ಯವಾಗಿದೆ.