ಲಸಿಕೆಯೊಳಗಿನ ಪಟಿಕ

ಕುಶಾಲನಗರದ ಸುತ್ತಮುತ್ತ ದನ ಸಾಕಿದವರಿಗೆ ಕಾಲುಬಾಯಿ ಜ್ವರದ ಚುಚ್ಚುಮದ್ದು ಹೊಸದಲ್ಲ. ಆರು ತಿಂಗಳಿಗೊಮ್ಮೆ ಹಾಕುವ ಆ ಮದ್ದಿನಿಂದ ಕೆಲವು ದನಗಳಿಗೆ ಚುಚ್ಚಿದಲ್ಲಿ ಗಂಟು ಕಟ್ಟುತ್ತದೆ. ಮದ್ದೇ ಕೆಟ್ಟಿತ್ತೇನೋ ಎಂಬ ಅನುಮಾನ ಸಹಜ. ಆದರೆ ಗಂಟಿಗೆ ಮುಖ್ಯ ಕಾರಣ ಅದರಲ್ಲಿ ಬೇಕೆಂದೇ ಬೆರೆಸಿದ ಎಣ್ಣೆ. ಇಂಥ ಬೆರಕೆಗೆ ಅಡ್ಜುವೆಂಟ್ ಎಂದು ಹೆಸರು. ಅದು ರೋಗವನ್ನು ತಡೆಯುವುದಿಲ್ಲ, ತಡೆಯಬೇಕಾದ ದೇಹವನ್ನು ಎಬ್ಬಿಸುತ್ತದೆ.

ಕೊಂದ ವೈರಸ್ಸನ್ನೋ ಅದರ ಒಂದು ಪ್ರೋಟೀನನ್ನೋ ಚೊಕ್ಕಟವಾಗಿ ಸೋಸಿ ಒಳಗೆ ಬಿಟ್ಟರೆ ದೇಹ ಅಷ್ಟಾಗಿ ಕದಲುವುದಿಲ್ಲ. 1920ರ ದಶಕದಲ್ಲಿ ಪಾಶ್ಚರ್ ಸಂಸ್ಥೆಯ ಗಸ್ತೋನ್ ರಾಮೋನ್ ಒಂದು ಸಂಗತಿ ಗಮನಿಸಿದ: ಚುಚ್ಚಿದ ಜಾಗ ಬಾವು ಬಂದ ಕುದುರೆಗಳ ರಕ್ತದಲ್ಲೇ ಪ್ರತಿವಿಷ ಹೆಚ್ಚು. ಆಮೇಲೆ ಮರಗೆಣಸಿನ ಹಿಟ್ಟನ್ನೂ ಬೆರೆಸಿ ನೋಡಿದ. 1926ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಗ್ಲೆನಿ ಪಟಿಕ ಬಳಸಿದ. ಮಳೆಗಾಲದ ಕೆಂಪು ನೀರನ್ನು ತಿಳಿಯಾಗಿಸುವ ಅದೇ ಪಟಿಕ! ಅದರ ಬಳಗದ ಅಲ್ಯೂಮಿನಿಯಂ ಲವಣಗಳು ಇಂದಿಗೂ ಎಷ್ಟೋ ಲಸಿಕೆಗಳಲ್ಲಿವೆ.

ಎಬ್ಬಿಸಿದರೆ ಮುಗಿಯಲಿಲ್ಲ, ಯಾವ ಕಡೆ ಎಬ್ಬಿಸುವುದು ಎಂಬುದರಲ್ಲೇ ಈ ಕಸುಬಿನ ಬೆಡಗು. ಅಲ್ಯೂಮಿನಿಯಂ ಲವಣಗಳು ಪ್ರತಿಕಾಯಗಳನ್ನು ಚೆನ್ನಾಗಿ ಮೂಡಿಸುತ್ತವೆ. ಸೋಂಕಿದ ಜೀವಕೋಶವನ್ನೇ ಹುಡುಕಿ ಕೊಲ್ಲುವ ಟಿ ಕೋಶಗಳ ವಿಷಯದಲ್ಲಿ ಅಷ್ಟು ಚುರುಕಲ್ಲ. ಈ ಓಲಾಟ ಅಪಾಯಕ್ಕೂ ಎಡೆಮಾಡಬಲ್ಲದು. 1960ರ ದಶಕದಲ್ಲಿ ಮಕ್ಕಳ ಶ್ವಾಸಕೋಶದ ಆರ್‌ಎಸ್‌ವಿ ವೈರಸ್ಸನ್ನು ಕೊಂದು, ಪಟಿಕ ಸೇರಿಸಿ ಮಾಡಿದ ಲಸಿಕೆ ಪಡೆದ ಮಕ್ಕಳಿಗೆ ಮುಂದೆ ಸೋಂಕು ತಗುಲಿದಾಗ ಕಾಯಿಲೆ ಇನ್ನೂ ಬಿಗಡಾಯಿಸಿತು. ಕೊಂದ ಕೊರೊನಾ ವೈರಸ್ಸಿನಿಂದ ಲಸಿಕೆ ಮಾಡುವವರು ಇದನ್ನು ಮರೆಯುವಂತಿರಲಿಲ್ಲ.

ಹೈದರಾಬಾದಿನ ಭಾರತ್ ಬಯೋಟೆಕ್‌ನ ಕೋವ್ಯಾಕ್ಸಿನ್ ಇಲ್ಲಿ ಒಂದು ಜಾಣ ಹಾದಿ ಹಿಡಿಯಿತು. ಅದರ ಅಡ್ಜುವೆಂಟ್ ಆಲ್‌ಜೆಲ್-ಐಎಂಡಿಜಿ, ಅಂದರೆ ಅಲ್ಯೂಮಿನಿಯಂ ಜೆಲ್ಲಿಗೆ ಅಂಟಿಸಿದ ಒಂದು ಪುಟ್ಟ ಅಣು. ಅಮೆರಿಕದ ಕ್ಯಾನ್ಸಸ್‌ನಲ್ಲಿ ಸುನಿಲ್ ಡೇವಿಡ್ ಅವರ ವೈರೋವ್ಯಾಕ್ಸ್ ಕಂಪನಿ ಅದನ್ನು ರೂಪಿಸಿತು. ವೈರಸ್ಸಿನ ಆರ್‌ಎನ್‌ಎ ಕಂಡಾಗ ಎಚ್ಚರಿಸುವ ಟಿಎಲ್‌ಆರ್7, ಟಿಎಲ್‌ಆರ್8 ಎಂಬ ಗ್ರಾಹಿಗಳನ್ನೇ ಈ ಅಣು ತಟ್ಟುತ್ತದೆ. ಹಾಗಾಗಿ ಕೊಂದ ವೈರಸ್ಸಿನ ಎದುರಲ್ಲೂ ದೇಹ, ಜೀವಂತ ವೈರಸ್ ಬಂದಾಗಿನಂತೆ ಟಿ ಕೋಶಗಳ ಕಡೆಗೆ ವಾಲುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಆ ಅಂಟು. ಇಂಥ ಅಣುಗಳು ರಕ್ತದಲ್ಲಿ ಸುತ್ತಾಡಿದರೆ ಮೈಯೆಲ್ಲ ಕೆರಳುತ್ತದೆ. ಜೆಲ್ಲಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದರಿಂದ ಇದು ಚುಚ್ಚಿದ ತೋಳಿನಿಂದ ಕಂಕುಳಿನ ದುಗ್ಧಗ್ರಂಥಿಗೆ ಹೋಗಿ, ಅಲ್ಲೇ ಕೆಲಸ ಮುಗಿಸುತ್ತದೆ.