ಸೊಪ್ಪಿನ ಬಣ್ಣ ಕಾಣದ ಕಣ್ಣಿಗೆ ಹೊಸ ಕೋಶ

‘ಅಪ್ಪು ಕಣ್ಣ ನಾಕು ಜನಕ್ಕೆ ಹಾಕುದ್ರಂತಲ್ಲ, ನಂಗೂ ಹಂಗೇ ಹಾಕಕ್ಕಾಗಲ್ವಾ?’

ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದಲ್ಲಿ, ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯ ಹೊರಗೆ ಸಿಕ್ಕ ಹಿರಿಯ ಬೆಳೆಗಾರರೊಬ್ಬರ ಪ್ರಶ್ನೆ ಇದು. ಸೊಪ್ಪು ಹದ ಮಾಡುವ ಬ್ಯಾರನ್‌ನಿಂದ ಇಳಿಸಿದ ಎಲೆಯ ಬಣ್ಣ ನೋಡಿಯೇ ದರ್ಜೆ ಹೇಳುತ್ತಿದ್ದವರು. ಈಗ ಎಲೆಯ ಅಂಚು ಕಾಣುತ್ತದೆ, ನಡುವೆ ಮಸಿ ಮೆತ್ತಿದಂತೆ. ಎದುರಿಗಿದ್ದವರ ಕಿವಿ ಕಾಣುತ್ತದೆ, ಮೂಗು ಕಾಣದು. ವಯಸ್ಸಿನಿಂದ ಬರುವ ಮ್ಯಾಕುಲಾ (ರೆಟಿನಾದ ನಡುಭಾಗ) ಸವೆತ, ‘ಒಣ’ ಬಗೆಯದು ಎಂದಿದ್ದಾರಂತೆ ವೈದ್ಯರು.

ಹಾಗೆ ಹಾಕಲಾಗದು. 2021ರ ಅಕ್ಟೋಬರ್‌ನಲ್ಲಿ ನಟ ‘ಅಪ್ಪು’ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದವರು ಅವರ ಎರಡು ಕಾರ್ನಿಯಾಗಳನ್ನು ಮೇಲ್ಪದರ, ಒಳಪದರವಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ಕಾರ್ನಿಯಾ ಕಣ್ಣಿನ ಮುಂಭಾಗದ್ದು. ಈ ಹಿರಿಯರಲ್ಲಿ ಕೆಟ್ಟಿರುವುದು ಹಿಂಭಾಗದ ರೆಟಿನಾ. ಮಿದುಳಿನೊಂದಿಗೆ ನರಗಳಿಂದ ಬೆಸೆದುಕೊಂಡ ಅದನ್ನು ದಾನಿಯಿಂದ ತೆಗೆದು ಜೋಡಿಸಲು ಬಾರದು.

ಆದರೆ ರೆಟಿನಾದ ಅಡಿಯ ಒಂದು ಪದರವನ್ನು ಹೊಸದಾಗಿ ಬೆಳೆಸಬಹುದು. ಅದರ ಹೆಸರು ಆರ್‌ಪಿಇ, ದಪ್ಪ ಒಂದೇ ಕೋಶದಷ್ಟು. ಅದರ ದುಡಿಮೆ ನನ್ನನ್ನು ಮರುಳು ಮಾಡಿದೆ. ಬೆಳಕು ಹಿಡಿಯುವ ಕೋಶಗಳು ದಿನವೂ ತಮ್ಮ ತುದಿಯ ಸುಮಾರು ಹತ್ತನೇ ಒಂದು ಭಾಗವನ್ನು ಉದುರಿಸುತ್ತವೆ. ಆರ್‌ಪಿಇ ಅದನ್ನೆಲ್ಲ ನುಂಗಿ ಅರಗಿಸುತ್ತದೆ, ನಾವು ಬದುಕಿರುವಷ್ಟೂ ದಿನ. ಅದು ಸತ್ತರೆ ಅದನ್ನೇ ನೆಚ್ಚಿದ ಬೆಳಕಿನ ಕೋಶಗಳೂ ಸಾಯುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ, ಬಣ್ಣವಿಲ್ಲದ ಕಾಂಡಕೋಶಗಳನ್ನು ವಾರಗಟ್ಟಲೆ ಸಾಕಿದರೆ, ಅವು ಆರುಮೂಲೆಯ ಹಾಸುಗಲ್ಲಿನಂತೆ ಒತ್ತಾಗಿ ಕೂತು ಕಂದು ತಿರುಗುತ್ತವೆ. ಆ ಕಂದು ಬರಿಗಣ್ಣಿಗೇ ಕಾಣುತ್ತದೆ! ಹದ ಬಂದದ್ದನ್ನು ಬಣ್ಣವೇ ಹೇಳುತ್ತದೆಂದರೆ ಹುಣಸೂರು, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನ ಬೆಳೆಗಾರರಿಗೆ ವಿವರಿಸಬೇಕಿಲ್ಲ.

2014ರಲ್ಲಿ ಜಪಾನಿನ ಕೋಬೆಯಲ್ಲಿ ಮಸಾಯೊ ತಕಹಾಶಿ ಅವರ ತಂಡ ರೋಗಿಯ ಚರ್ಮದ ಕೋಶವನ್ನೇ ಕಾಂಡಕೋಶವಾಗಿಸಿ, ಅದರಿಂದ ಇಂಥ ಪದರ ಬೆಳೆಸಿ ಕಣ್ಣಿಗೆ ಸೇರಿಸಿತು. ದೃಷ್ಟಿ ಹೆಚ್ಚಲಿಲ್ಲ, ಆದರೆ ಕುಸಿತ ನಿಂತಿತು. ನಮ್ಮ ಬೆಂಗಳೂರಿನಲ್ಲಿ ಜೋಗಿನ್ ದೇಸಾಯಿ ಕಟ್ಟಿದ ಐಸ್ಟೆಮ್ ಸಂಸ್ಥೆ, ಒಣ ಬಗೆಯ ರೋಗಿಗಳಿಗಾಗಿಯೇ ಆರ್‌ಪಿಇ ಕೋಶಗಳನ್ನು ಬೆಳೆಸಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ತಂದಿದೆ. ನನಗೆ ಇದು ದೊಡ್ಡ ಹೆಮ್ಮೆ. ಆದರೂ ಬೆಳಕಿನ ಕೋಶಗಳು ಆಗಲೇ ಸತ್ತ ಕಡೆ ಹೊಸ ಆರ್‌ಪಿಇ ಹಾಸಿ ದೊಡ್ಡ ಫಲವಿಲ್ಲ; ಅವು ಜೀವ ಹಿಡಿದಿರುವಾಗಲೇ ಕಸಿಯಾಗಬೇಕು.

ಈ ಭರವಸೆಯ ಹೆಸರಿನಲ್ಲಿ ದುಡ್ಡು ಕೀಳುವವರ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ಅಮೆರಿಕದ ಫ್ಲಾರಿಡಾದಲ್ಲಿ ಹಣ ತೆತ್ತು, ತಮ್ಮದೇ ಕೊಬ್ಬಿನಿಂದ ತೆಗೆದ ‘ಕಾಂಡಕೋಶ’ವನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿ ಕಳೆದುಕೊಂಡದ್ದು 2017ರಲ್ಲಿ ವರದಿಯಾಯಿತು. ರೆಟಿನಾಕ್ಕೆ ಕಾಂಡಕೋಶ ಇನ್ನೂ ಪ್ರಯೋಗದ ಹಂತದ್ದು. ಲಕ್ಷ ರೂಪಾಯಿ ಕೇಳಿದರೆ ಎದ್ದು ಬನ್ನಿ.

ಈ ಹೊಗೆಸೊಪ್ಪಿನ ತಾಲ್ಲೂಕುಗಳಲ್ಲಿ ಹೇಳಲೇಬೇಕಾದದ್ದು ಇನ್ನೊಂದಿದೆ. ಮ್ಯಾಕುಲಾ ಸವೆತಕ್ಕೆ ನಾವೇ ತಪ್ಪಿಸಬಹುದಾದ ಕಾರಣಗಳಲ್ಲಿ ಮೊದಲನೆಯದು ಧೂಮಪಾನ. ಬೀಡಿ, ಸಿಗರೇಟು ಇಂದೇ ಬಿಡಿ. ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ. ಸೊಟ್ಟ ಕಂಡರೆ ತಡಮಾಡದೆ ರೆಟಿನಾ ವೈದ್ಯರ ಬಳಿ ಹೋಗಿ. ಅದು ‘ಒದ್ದೆ’ ಬಗೆಯಾಗಿದ್ದರೆ ಚುಚ್ಚುಮದ್ದು ಇವತ್ತೇ ಲಭ್ಯವಿದೆ.